ದಿನವೂ ಎತ್ತುವ ಷಟರು, ಎಂದೂ ನೋಡದ ಸ್ಪ್ರಿಂಗು

ಬಳ್ಳಾರಿಯ ಬೆಂಗಳೂರು ರಸ್ತೆಯಾಗಲಿ, ಸಿರುಗುಪ್ಪದ ಬಜಾರಾಗಲಿ, ಕುರುಗೋಡಿನ ಮಳಿಗೆಗಳ ಸಾಲಾಗಲಿ, ವ್ಯಾಪಾರದ ದಿನ ಆರಂಭವಾಗುವುದು ಒಂದೇ ಸದ್ದಿನಿಂದ. ಬೀಗ ತೆಗೆದು, ಹಿಡಿಕೆಗೆ ಕೈಹಾಕಿ, ಷಟರನ್ನು ಮೇಲಕ್ಕೆ ತಳ್ಳಿದಾಗ ಏಳುವ ಆ ಕರ್ಕಶ ಸದ್ದು ವರ್ತಕನಿಗೆ ದೇವರ ದೀಪದಷ್ಟೇ ಪರಿಚಿತ. ಭತ್ತ, ಸಕ್ಕರೆಗಳಿಂದ ಹೆಸರಾದ ದೇಶನೂರಿನಂಥ ಊರಿನಲ್ಲಿಯೂ ಇಂದು ಮರದ ಹಲಗೆಯ ಬಾಗಿಲಿನ ಅಂಗಡಿ ಅಪರೂಪವಾಗಿದೆ. ಗೊಬ್ಬರದ ಅಂಗಡಿ, ಅಕ್ಕಿ ಗಿರಣಿಯ ಗೋದಾಮು, ಜೀನ್ಸ್ ಹೊಲಿಯುವ ಘಟಕ, ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗ ಎಲ್ಲಕ್ಕೂ ಕಬ್ಬಿಣದ ಷಟರೇ ಬಾಗಿಲು.

ತಕ್ಕಡಿಗೆ ವರ್ಷವರ್ಷ ಮುದ್ರೆ ಹಾಕಿಸುವ ವರ್ತಕ, ಗಿರಣಿಯ ಮೋಟರಿಗೆ ತಪ್ಪದೆ ಗ್ರೀಸು ಹಾಕಿಸುವ ಉದ್ಯಮಿ, ಲಾರಿಯ ಟೈರನ್ನು ದಿನವೂ ತಟ್ಟಿ ನೋಡುವ ಸಾಗಣೆದಾರ ಇವರೆಲ್ಲರೂ ತಮ್ಮ ತಲೆಯ ಮೇಲೆಯೇ ಸುತ್ತಿಕೊಂಡು ಕುಳಿತಿರುವ ಷಟರನ್ನು ಮಾತ್ರ ಯಂತ್ರವೆಂದು ಎಣಿಸುವುದಿಲ್ಲ. ಅದು ಗೋಡೆಯ ಒಂದು ಭಾಗವೆಂಬಂತೆ ನಡೆದುಕೊಳ್ಳುತ್ತಾರೆ. ಸ್ಪ್ರಿಂಗು ಮುರಿದ ದಿನವೇ ಅದರ ನೆನಪು. ಈ ಉದಾಸೀನದ ಬೆಲೆಯನ್ನು ಬಹುಪಾಲು ಸಂದರ್ಭಗಳಲ್ಲಿ ತೆರುವವನು ಮಾಲೀಕನಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಷಟರು ಎತ್ತುವ ಕೆಲಸಗಾರ.

ಸ್ಪ್ರಿಂಗಿನ ಕೆಲಸವೇನು?

ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಸಾಮಾನ್ಯ ಷಟರಿನ ವಿಸ್ತೀರ್ಣ ಸುಮಾರು 6 ಚದರ ಮೀಟರು. 0.9 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ ಚದರ ಮೀಟರಿಗೆ 7 ಕಿಲೋ ತೂಗುತ್ತದೆ. ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಳ್ಳಲು ಮಡಚಿದ ಅಂಚು, ಕೆಳಗಿನ ದಪ್ಪ ಪಟ್ಟಿ, ಬೀಗದ ಕೊಂಡಿ ಎಲ್ಲ ಸೇರಿದರೆ ಇಡೀ ಷಟರಿನ ತೂಕ ಸುಲಭವಾಗಿ 60 ಕಿಲೋ ದಾಟುತ್ತದೆ. ಇಷ್ಟು ಭಾರವನ್ನು ಒಬ್ಬ ಹುಡುಗ ಒಂದೇ ಕೈಯಲ್ಲಿ ಎತ್ತುವುದು ಅವನ ತೋಳಿನ ಬಲದಿಂದಲ್ಲ. ಮೇಲಿನ ಪೈಪಿನ ಸುತ್ತ ಅಡಗಿರುವ ಸ್ಪ್ರಿಂಗುಗಳು ಭಾರದ ಬಹುಪಾಲನ್ನು ಹೊರುತ್ತವೆ; ಹುಡುಗನ ಪಾಲಿಗೆ ಬರುವುದು ಉಳಿದ ಚೂರು ಮಾತ್ರ.

ಷಟರು ಕೆಳಗಿಳಿದಂತೆಲ್ಲ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಮೇಲಕ್ಕೇರಿದಂತೆಲ್ಲ ಸಡಿಲುತ್ತ ತಾನು ಕೂಡಿಟ್ಟ ಶಕ್ತಿಯನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಸ್ಪ್ರಿಂಗು ಅತ್ಯಂತ ಬಿಗಿಯಾಗಿರುವುದು ಅಂಗಡಿ ಮುಚ್ಚಿ, ಬೀದಿ ಶಾಂತವಾಗಿರುವ ಹೊತ್ತಿನಲ್ಲಿ. ಆ ಸ್ಥಿತಿಯಲ್ಲಿ ಅದು ಹಿಡಿದಿಟ್ಟಿರುವ ಶಕ್ತಿಯ ಅಂದಾಜು ಬೇಕಿದ್ದರೆ, 75 ಕಿಲೋ ಭತ್ತದ ಚೀಲವೊಂದು ಮೂರು ಅಡಿ ಎತ್ತರದಿಂದ ಬೀಳುವುದನ್ನು ನೆನೆಯಬಹುದು. ಷಟರು ಪೂರ್ತಿ ಮೇಲಿದ್ದಾಗಲೂ ಸ್ಪ್ರಿಂಗು ಸಂಪೂರ್ಣ ಸಡಿಲಾಗುವುದಿಲ್ಲ. ಷಟರು ತಾನಾಗಿ ಜಾರದಿರಲೆಂದು ಜೋಡಿಸುವಾಗಲೇ ಕೆಲವು ಸುತ್ತು ಬಿಗಿ ಕೊಟ್ಟಿರುತ್ತಾರೆ. ಷಟರು ತೆರೆದಿದೆ, ಆದ್ದರಿಂದ ಅಪಾಯವಿಲ್ಲ ಎಂದು ಬ್ರಾಕೆಟ್ಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವವನು ತಿಳಿಯದೆ ಹೋಗುವ ಸಂಗತಿ ಇದೇ.

ಧೂಳಿನ ನಾಡಿನಲ್ಲಿ ಷಟರು

ಬೇಸಿಗೆಯಲ್ಲಿ ಷಟರು ಬಿಗಿಯಾದರೆ "ಬಿಸಿಲಿಗೆ ಕಬ್ಬಿಣ ಹಿಗ್ಗಿದೆ" ಎನ್ನುವುದು ರೂಢಿ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವುದು ನಿಜ; ಕಬ್ಬಿಣ ಹಿಗ್ಗುವುದೂ ನಿಜ. ಆದರೆ ಎಂಟು ಅಡಿಯ ಪಟ್ಟಿ 30 ಡಿಗ್ರಿಯಷ್ಟು ಹೆಚ್ಚು ಕಾದರೂ ಹಿಗ್ಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಎರಡೂ ಬದಿಯ ಗೈಡುಗಳಲ್ಲಿ ಇದಕ್ಕಿಂತ ಹೆಚ್ಚಿನ ಜಾಗ ಬಿಟ್ಟೇ ಇರುತ್ತದೆ. ಷಟರು ಸಿಕ್ಕಿಕೊಳ್ಳಲು ನಿಜವಾದ ಕಾರಣ ಗೈಡಿನೊಳಗೆ ತುಂಬಿದ ಧೂಳು. ಅದಿರಿನ ಕೆಂಪು ಧೂಳು, ಎರೆಭೂಮಿಯ ಕರಿಧೂಳು, ಗಿರಣಿಯಿಂದ ಹಾರಿಬರುವ ಹೊಟ್ಟು, ಹೊಲಿಗೆ ಘಟಕದ ನೂಲಿನ ಎಳೆ ಇವೆಲ್ಲವೂ ಅಲ್ಲಿಯೇ ನೆಲೆಸುತ್ತವೆ. ಇದಕ್ಕೆ ಕೈಗಾಡಿಯೋ ಆಟೋರಿಕ್ಷಾವೋ ತಗುಲಿ ನೆಗ್ಗಿದ ಗೈಡಿನ ಅಂಚು ಸೇರಿದರೆ ಷಟರು ಓರೆಯಾಗಿ ಚಲಿಸತೊಡಗುತ್ತದೆ. ಒಂದು ಬದಿಯ ಸ್ಪ್ರಿಂಗು ಹೆಚ್ಚು ದುಡಿಯುತ್ತದೆ, ಬೇಗ ಸೋಲುತ್ತದೆ.

ಸ್ಪ್ರಿಂಗಿಗೂ ಆಯುಸ್ಸುಂಟು. ಅಮೆರಿಕದ ಮನೆಗಳಲ್ಲಿ ಕಾರಿನ ಗ್ಯಾರೇಜಿನ ಬಾಗಿಲನ್ನು ಹೊರುವ ಸ್ಪ್ರಿಂಗುಗಳನ್ನು ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚುವ ಲೆಕ್ಕದಲ್ಲಿ ತಯಾರಿಸುತ್ತಾರೆ. ಆ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿ ನೋಡಬಹುದು. ಬೆಳಿಗ್ಗೆ ತೆರೆದು, ಮಧ್ಯಾಹ್ನದ ಬಿಸಿಲಿಗೆ ಮುಚ್ಚಿ, ಸಂಜೆ ಮತ್ತೆ ತೆರೆದು, ರಾತ್ರಿ ಮುಚ್ಚುವ ಅಂಗಡಿಯ ಷಟರು ದಿನಕ್ಕೆ ಎರಡು ಸುತ್ತು ನಡೆಯುತ್ತದೆ. ವಾರದ ರಜೆ ಕಳೆದರೆ ವರ್ಷಕ್ಕೆ 600ಕ್ಕೂ ಹೆಚ್ಚು ಸುತ್ತು; ಹದಿನಾರು ವರ್ಷಗಳಲ್ಲಿ 10,000. 2000ದ ದಶಕದಲ್ಲಿ ಕಟ್ಟಿದ ಮಳಿಗೆಗಳ ಮೂಲ ಸ್ಪ್ರಿಂಗುಗಳು ಈ ಗಡಿಯನ್ನು ಎಂದೋ ದಾಟಿರಬೇಕು. ಇಷ್ಟಾಗಿಯೂ ಸ್ಥಳೀಯವಾಗಿ ಹಾಕುವ ಸ್ಪ್ರಿಂಗಿನ ಮೇಲೆ ಅದು ಎಷ್ಟು ಸುತ್ತು ಬಾಳುತ್ತದೆಂಬ ಯಾವ ಗುರುತೂ ಇರುವುದಿಲ್ಲ. ತುಕ್ಕು ಹಿಡಿದ ಸ್ಪ್ರಿಂಗಂತೂ ತನ್ನ ಆಯುಸ್ಸನ್ನು ಪೂರೈಸುವುದೇ ಇಲ್ಲ. ತುಕ್ಕಿನ ಸಣ್ಣ ಗುಳಿಯಿಂದಲೇ ಬಿರುಕು ಆರಂಭವಾಗುತ್ತದೆ.

ಒಂದು ಷಟರಿಗೆ ಎರಡೋ ಮೂರೋ ನಾಲ್ಕೋ ಸ್ಪ್ರಿಂಗುಗಳಿರುತ್ತವೆ. ಒಂದು ಮುರಿದರೂ ಷಟರು ಕೆಲಸ ಮಾಡುತ್ತದೆ, ಸ್ವಲ್ಪ ಭಾರವಾಗುತ್ತದೆ ಅಷ್ಟೆ. ಈ ಭಾರಕ್ಕೆ ಅಂಗಡಿಯವರು ಒಂದು ವಾರದೊಳಗೆ ಹೊಂದಿಕೊಂಡುಬಿಡುತ್ತಾರೆ. ಒಬ್ಬನ ಬದಲು ಇಬ್ಬರು ಎತ್ತುತ್ತಾರೆ. ಅರ್ಧಕ್ಕೆ ನಿಲ್ಲದಿದ್ದರೆ ಬಿದಿರಿನ ಕೋಲನ್ನೋ ಪೈಪನ್ನೋ ಆನಿಕೆಯಾಗಿ ಕೊಡುತ್ತಾರೆ. ಉಳಿದ ಸ್ಪ್ರಿಂಗುಗಳು ಸತ್ತ ಸ್ಪ್ರಿಂಗಿನ ಪಾಲನ್ನೂ ಹೊತ್ತು ಒಂದೊಂದಾಗಿ ಸೋಲುತ್ತವೆ. ಆನಿಕೆಯ ಕೋಲು ಜಾರಿದ ದಿನ ಅದರ ಕೆಳಗೆ ಯಾರಿದ್ದರು ಎಂಬುದಷ್ಟೇ ಉಳಿಯುವ ಪ್ರಶ್ನೆ.

ಮಾಲೀಕನ ಕೈ ಎಲ್ಲಿಯವರೆಗೆ?

ಷಟರಿನ ಪಾಲನೆಯಲ್ಲಿ ಮಾಲೀಕನು ತಾನೇ ಮಾಡಬೇಕಾದದ್ದು ಬಹಳಷ್ಟಿದೆ. ತಾನು ಮುಟ್ಟಲೇಬಾರದ್ದೂ ಇದೆ. ಈ ಎರಡರ ನಡುವಿನ ಗೆರೆ ಸ್ಪಷ್ಟವಾಗಬೇಕು.

ತಾನೇ ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಗೈಡುಗಳ ಶುಚಿ. ತಿಂಗಳಿಗೊಮ್ಮೆ, ವಾರದ ರಜೆಯ ದಿನ, ಒಣ ಬಟ್ಟೆ ಹಾಗೂ ಬ್ರಷ್ಷಿನಿಂದ ಎರಡೂ ಗೈಡುಗಳನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದರೆ ಸಾಕು. ಗೈಡಿಗೆ ಗ್ರೀಸು ಬಳಿಯುವ ರೂಢಿ ತಪ್ಪು. ಧೂಳಿನ ಊರಿನಲ್ಲಿ ಗ್ರೀಸು ಧೂಳನ್ನು ಹಿಡಿದಿಟ್ಟು ಉಪ್ಪುಕಾಗದದಂತೆ ಉಜ್ಜುವ ಲೇಪವಾಗುತ್ತದೆ. ವಾಹನಗಳಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ಲಿನ ಕಥೆಯೂ ಇದೇ. ಒಣಗಿ ನಿಲ್ಲುವ ಸಿಲಿಕೋನ್ ಸ್ಪ್ರೇ ಅಥವಾ ಗ್ರಾಫೈಟ್ ಪುಡಿ ಗೈಡಿಗೆ ತಕ್ಕದ್ದು. ಬೇರಿಂಗಿಗೂ ಕಣ್ಣಿಗೆ ಕಾಣುವಂತೆ ತೆರೆದಿರುವ ಸ್ಪ್ರಿಂಗಿಗೂ ತೆಳು ಎಣ್ಣೆಯ ಕೆಲವು ಹನಿಗಳು ಸಾಕು. ಅದನ್ನೂ ಏಣಿ ಭದ್ರವಾಗಿದ್ದರೆ, ಯಾವ ಬೋಲ್ಟನ್ನೂ ಮುಟ್ಟದೆ ಮಾಡಬೇಕು.

ಎರಡನೆಯದು ಸಮತೋಲದ ಪರೀಕ್ಷೆ. ಷಟರನ್ನು ಸೊಂಟದ ಎತ್ತರಕ್ಕೆ ತಂದು, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಪಾದವನ್ನು ದೂರವಿಟ್ಟು, ಹಿಡಿತವನ್ನು ಮೆಲ್ಲಗೆ ಸಡಿಲಿಸಬೇಕು. ಷಟರು ಇದ್ದಲ್ಲಿಯೇ ನಿಂತರೆ ಅಥವಾ ನಿಧಾನವಾಗಿ ತುಸು ಸರಿದರೆ ಸ್ಪ್ರಿಂಗು ಸರಿಯಾಗಿದೆ. ಕೈಗೆ ಭಾರ ಬಿದ್ದು ಕೆಳಗೆ ಧಾವಿಸಿದರೆ ಸ್ಪ್ರಿಂಗು ಸೋತಿದೆ. ತಾನಾಗಿಯೇ ಮೇಲಕ್ಕೆ ಹಾರಿದರೆ ಬಿಗಿ ಮಿತಿಮೀರಿದೆ. ಒಂದು ಬದಿ ಮುಂದೆ, ಇನ್ನೊಂದು ಹಿಂದೆ ಚಲಿಸಿದರೆ ಒಂದು ಬದಿಯ ಸ್ಪ್ರಿಂಗಿನಲ್ಲಿಯೋ ಗೈಡಿನಲ್ಲಿಯೋ ದೋಷವಿದೆ. ಇದಕ್ಕೆ ಬೇಕಾದದ್ದು ಒಂದು ನಿಮಿಷ.

ಮೂರನೆಯದು ಕಣ್ಣು ಮತ್ತು ಕಿವಿಯ ಕೆಲಸ. ಹೊಸ ಸದ್ದು, ಪೈಪಿನ ಬಳಿ ಉದುರುವ ತುಕ್ಕಿನ ಪುಡಿ, ಗೋಡೆಯಲ್ಲಿ ಬ್ರಾಕೆಟ್ಟಿನ ಸುತ್ತ ಬಿಟ್ಟ ಬಿರುಕು ಇವು ಸ್ಪ್ರಿಂಗು ಮುರಿಯುವ ಮೊದಲಿನ ಸೂಚನೆಗಳು. ನಾಮಫಲಕದ ವಿದ್ಯುತ್ ತಂತಿ ಷಟರಿನ ಪೆಟ್ಟಿಗೆಯನ್ನು ಸವರಿ ಹೋಗುತ್ತಿದ್ದರೆ ಅದನ್ನು ಆ ದಿನವೇ ದೂರಕ್ಕೆ ಸರಿಸಬೇಕು. ತಂತಿಯ ಹೊದಿಕೆ ಸವೆದು ಇಡೀ ಷಟರಿಗೆ ವಿದ್ಯುತ್ ಹರಿದರೆ ಮಳೆಗಾಲದ ಬೆಳಿಗ್ಗೆ ಬೀಗ ಮುಟ್ಟುವ ಕೈಗೆ ಜೀವಾಪಾಯವಿದೆ.

ಗೆರೆ ಇಲ್ಲಿಗೆ ನಿಲ್ಲಬೇಕು. ಸ್ಪ್ರಿಂಗಿನ ಬಿಗಿಯನ್ನು ಹೆಚ್ಚು ಕಡಿಮೆ ಮಾಡುವುದು, ಶಾಫ್ಟಿನ ತುದಿಯನ್ನು ಪೈಪ್ ರೆಂಚಿನಿಂದ ತಿರುಗಿಸುವುದು, ಬ್ರಾಕೆಟ್ ಬಿಚ್ಚುವುದು ಇವು ಮಾಲೀಕನ ಕೆಲಸವೂ ಅಲ್ಲ, ಅಂಗಡಿಯ ಹುಡುಗನ ಕೆಲಸವಂತೂ ಅಲ್ಲ. ಕೈತಪ್ಪಿದ ರೆಂಚು ಸ್ಪ್ರಿಂಗಿನ ಪೂರ್ತಿ ಬಲದೊಡನೆ ತಿರುಗಿ ಬರುತ್ತದೆ. ಅದು ಬರುವ ದಾರಿಯಲ್ಲಿ ಸಾಮಾನ್ಯವಾಗಿ ಇರುವುದು ಏಣಿಯ ಮೇಲೆ ನಿಂತವನ ಮುಖ ಮತ್ತು ಮುಂಗೈ. ಮುರಿದ ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡಿಸುವುದು ಇದಕ್ಕಿಂತ ದೊಡ್ಡ ತಪ್ಪು. ಸ್ಪ್ರಿಂಗಿನ ಉಕ್ಕಿಗೆ ಬಲ ಬಂದಿರುವುದು ಹದದಿಂದ. ವೆಲ್ಡಿಂಗಿನ ಕಾವಿಗೆ ಆ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲಿಯೇ ಅದು ಮತ್ತೆ ಮುರಿಯುತ್ತದೆ, ಯಾವ ಸೂಚನೆಯನ್ನೂ ಕೊಡದೆ ಮುರಿಯುತ್ತದೆ.

ಖರ್ಚಿನ ಮಾತು

ವ್ಯಾಪಾರವೇ ಕುಂಟುತ್ತಿರುವಾಗ ಷಟರಿಗೂ ವರ್ಷವರ್ಷ ದುಡ್ಡು ಸುರಿಯಬೇಕೇ ಎಂಬುದು ವರ್ತಕರ ಸಹಜ ಆಕ್ಷೇಪ. ಆನ್‌ಲೈನ್ ಮಾರಾಟದ ಪೈಪೋಟಿಯಲ್ಲಿ ಸಣ್ಣ ಅಂಗಡಿಗೆ ಪ್ರತಿ ರೂಪಾಯಿಯೂ ಲೆಕ್ಕವೇ. ಆದರೆ ಈ ಆಕ್ಷೇಪವನ್ನು ಪೂರ್ತಿಯಾಗಿ ಲೆಕ್ಕ ಹಾಕಬೇಕು. ಮೇಲೆ ಹೇಳಿದ ತಿಂಗಳ ಕೆಲಸಕ್ಕೆ ತಗಲುವುದು ಅರ್ಧ ಗಂಟೆ ಮತ್ತು ಒಂದು ಹಳೆಯ ಬಟ್ಟೆ. ನುರಿತವನಿಂದ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಗೆ ಕೂಲಿ ಕೊಡಬೇಕಾಗುತ್ತದೆ, ನಿಜ. ಸ್ಪ್ರಿಂಗು ಮುರಿದು ಹಬ್ಬದ ಹಿಂದಿನ ದಿನ ಅಂಗಡಿ ತೆರೆಯಲಾಗದಿದ್ದರೆ, ಷಟರು ಮುಚ್ಚಲಾಗದೆ ರಾತ್ರಿಯಿಡೀ ಸರಕಿಗೆ ಕಾವಲು ಕೂರಬೇಕಾದರೆ, ತುರ್ತಿಗೆಂದು ಕರೆದವನು ಕೇಳಿದಷ್ಟು ಕೊಡಬೇಕಾದರೆ ಆಗುವ ನಷ್ಟವನ್ನು ಇದರ ಎದುರಿಗಿಟ್ಟು ತೂಗಬೇಕು. ಷಟರಿನಿಂದ ಒಬ್ಬ ಕೆಲಸಗಾರನ ಕೈ ಜಖಂಗೊಂಡರೆ ಆ ನಷ್ಟವನ್ನು ತೂಗುವ ತಕ್ಕಡಿ ಯಾರಲ್ಲಿಯೂ ಇಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಹದಿಹರೆಯದವರಿಂದ ಭಾರದ ಷಟರು ಎತ್ತಿಸುವುದನ್ನು ವಿವೇಕ ನಿಷೇಧಿಸಬೇಕು.

ಮೋಟರಿನ ಷಟರು ಹಾಕಿಸಿದರೆ ಈ ತಾಪತ್ರಯವಿಲ್ಲ ಎಂಬ ವಾದವೂ ಕೇಳಿಬರುತ್ತದೆ. ಮೋಟರು ಎತ್ತುವ ಶ್ರಮವನ್ನು ಕಳೆಯುತ್ತದೆ, ಭಾರವನ್ನಲ್ಲ. ಕೆಳಗೆ ಯಾರೋ ಇದ್ದಾರೆಂಬುದು ಮೋಟರಿಗೆ ತಿಳಿಯದು. ಅಮೆರಿಕದಲ್ಲಿ ಮಕ್ಕಳು ಸ್ವಯಂಚಾಲಿತ ಗ್ಯಾರೇಜ್ ಬಾಗಿಲಿನಡಿ ಸಿಕ್ಕಿ ಸತ್ತ ಪ್ರಕರಣಗಳ ನಂತರ, 1993ರ ಜನವರಿಯಿಂದ ತಯಾರಾಗುವ ಮನೆಬಳಕೆಯ ಮೋಟರುಗಳು ಅಡ್ಡಿ ಎದುರಾದೊಡನೆ ಬಾಗಿಲನ್ನು ಹಿಂದಕ್ಕೆ ತಿರುಗಿಸಲೇಬೇಕೆಂದು ಕಾನೂನು ಬಂತು. ಮೋಟರು ಹಾಕಿಸುವವರು ಈ ಏರ್ಪಾಡನ್ನೂ, ವಿದ್ಯುತ್ ಹೋದಾಗ ಕೈಯಿಂದ ತೆರೆಯುವ ಏರ್ಪಾಡನ್ನೂ ಕೇಳಿ ಪಡೆಯಬೇಕು.

ತಯಾರಕರ ಹೊಣೆ

ಹೊಣೆಯನ್ನೆಲ್ಲ ಅಂಗಡಿಯವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಷಟರು ಮಾರಾಟವಾಗುವುದು ಚದರ ಅಡಿಯ ದರದಲ್ಲಿ. ಗಿರಾಕಿ ಕೇಳುವುದು ಒಂದೇ ಪ್ರಶ್ನೆ, "ಅಡಿಗೆ ಎಷ್ಟು?" ಈ ಪೈಪೋಟಿಯಲ್ಲಿ ಮೊದಲು ತೆಳುವಾಗುವುದು ತಗಡು, ನಂತರ ಕಡಿಮೆಯಾಗುವುದು ಸ್ಪ್ರಿಂಗು. ತಗಡನ್ನು ಗಿರಾಕಿ ಬೆರಳಿನಿಂದ ತಟ್ಟಿ ನೋಡಬಲ್ಲ. ಪೈಪಿನೊಳಗಿನ ಸ್ಪ್ರಿಂಗನ್ನು ನೋಡಲಾರ. ಪ್ರಾಮಾಣಿಕನಾದ ತಯಾರಕ ಇದರಿಂದ ಸೋಲುತ್ತಾನೆ, ಕಳಪೆ ಮಾಲಿನವನು ಗೆಲ್ಲುತ್ತಾನೆ.

ಅಳತೆಗೋಲು ಇಲ್ಲವೆಂದಲ್ಲ. ಲೋಹದ ರೋಲಿಂಗ್ ಷಟರುಗಳಿಗೆ ಭಾರತೀಯ ಮಾನಕ ಐಎಸ್ 6248 ಇದೆ. ಅದರ ಪರಿಷ್ಕೃತ ರೂಪ 1979ರದು. ಸ್ಪ್ರಿಂಗಿನ ಉಕ್ಕಿನ ತಂತಿಗೆ ಐಎಸ್ 4454 ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಷಟರಿನ ಸ್ಪ್ರಿಂಗಿನ ಉದ್ದ, ದರ್ಜೆಗಳು ನಮೂದಾಗಿವೆ. 10 ಚದರ ಮೀಟರು ಮೀರಿದ ಷಟರಿಗೆ ಸರಪಳಿ ಅಥವಾ ಹಿಡಿಕೆಯಿಂದ ತಿರುಗಿಸುವ ಯಾಂತ್ರಿಕ ಸಾಧನಕ್ಕೆಂದು ಅಲ್ಲಿ ಪ್ರತ್ಯೇಕ ದರವಿದೆ. ಗೋದಾಮಿನ ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಷಟರು 11 ಚದರ ಮೀಟರು ದಾಟುತ್ತದೆ. ಅಂಥದನ್ನು ನಾಲ್ಕು ಜನ ಹಮಾಲರಿಂದ ಕೈಯಲ್ಲಿಯೇ ಎತ್ತಿಸುತ್ತಿರುವ ಮಾಲೀಕರು ಈ ಅಂಕಿಯನ್ನು ಗಮನಿಸುವುದು ಒಳ್ಳೆಯದು.

ಷಟರು ತಯಾರಿಸುವ ಸಣ್ಣ ಉದ್ಯಮಿಗಳು ತಮ್ಮ ಮಾಲಿನೊಳಬದಿಗೆ ಒಂದು ತಗಡಿನ ಚೀಟಿ ಬಡಿಯಬೇಕು. ಜೋಡಿಸಿದ ತಿಂಗಳು ಮತ್ತು ವರ್ಷ, ಷಟರಿನ ಅಳತೆ, ಪಟ್ಟಿಯ ದಪ್ಪ, ಸ್ಪ್ರಿಂಗುಗಳ ಸಂಖ್ಯೆ ಹಾಗೂ ತಂತಿಯ ಗಾತ್ರ, ಮುಂದಿನ ತಪಾಸಣೆಯ ದಿನ ಇಷ್ಟು ಅದರಲ್ಲಿದ್ದರೆ ಹತ್ತು ವರ್ಷದ ನಂತರ ಬರುವ ದುರಸ್ತಿಗಾರ ಕುರುಡನಂತೆ ಕೈಹಾಕಬೇಕಾಗುವುದಿಲ್ಲ. ಒಳ್ಳೆಯ ಮಾಲು ಕೊಡುವವನಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಮತ್ತೊಂದಿಲ್ಲ.

ಬಾಡಿಗೆಯ ಮಳಿಗೆ, ಒಂದೇ ಬಾಗಿಲಿನ ಘಟಕ

ಬಾಡಿಗೆ ಮಳಿಗೆಗಳಲ್ಲಿ ಷಟರು ಯಾರದು ಎಂಬ ವಿವಾದದಲ್ಲಿಯೇ ದುರಸ್ತಿ ವರ್ಷಗಟ್ಟಲೆ ಮುಂದೆ ಹೋಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಎರಡೂ ಕಡೆಯ ಹೊಣೆಯನ್ನು ಹೇಳುತ್ತದೆ. ಬಾಡಿಗೆದಾರನು ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಕಾಯ್ದುಕೊಳ್ಳಬೇಕು, ಸಹಜ ಸವೆತಕ್ಕೆ ಮಾತ್ರ ವಿನಾಯಿತಿ. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆ ಕೊಟ್ಟ ನಂತರವೂ ಸೂಕ್ತ ಅವಧಿಯಲ್ಲಿ ಮಾಡದಿದ್ದರೆ ಬಾಡಿಗೆದಾರನು ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಯಾವ ದುರಸ್ತಿ ಯಾರದೆಂಬುದು ಬಾಡಿಗೆಯ ಕರಾರಿನಲ್ಲಿಯೇ ಒಂದು ಸಾಲಿನಲ್ಲಿ ಬರೆದಿದ್ದರೆ ಕಾಯಿದೆಯ ಪುಸ್ತಕ ತೆರೆಯುವ ಪ್ರಮೇಯವೇ ಬಾರದು. ತಿಂಗಳ ಶುಚಿ ಬಾಡಿಗೆದಾರನದು, ಸ್ಪ್ರಿಂಗಿನ ಬದಲಾವಣೆ ಕಟ್ಟಡದ ಒಡೆಯನದು ಎಂಬ ಹಂಚಿಕೆ ಇಬ್ಬರಿಗೂ ಸಲ್ಲುವಂಥದು.

ಇದಕ್ಕಿಂತ ಗಂಭೀರವಾದದ್ದು ಒಂದೇ ಷಟರಿನ ಕಾರ್ಯಾಗಾರಗಳ ಸ್ಥಿತಿ. ಬಳ್ಳಾರಿಯ ಜೀನ್ಸ್ ಉದ್ಯಮದ ಬಹಳಷ್ಟು ಕೆಲಸ ನಡೆಯುವುದು ಚಿಕ್ಕ ಘಟಕಗಳಲ್ಲಿ. ಬಟ್ಟೆಯ ರಾಶಿ, ನೂಲು, ವಿದ್ಯುತ್ ಇಸ್ತ್ರಿ ಇರುವ ಜಾಗದಲ್ಲಿ ಧೂಳು ಬಾರದಿರಲೆಂದು ಷಟರನ್ನು ಅರ್ಧ ಎಳೆದು ಕೆಲಸ ಮಾಡಿಸುವುದುಂಟು. 2019ರ ಡಿಸೆಂಬರ್ 8ರಂದು ದೆಹಲಿಯ ಅನಾಜ್ ಮಂಡಿ ಪ್ರದೇಶದ ಕಟ್ಟಡವೊಂದರಲ್ಲಿ ಬೆಂಕಿ ಬಿದ್ದಾಗ 43 ಮಂದಿ ಪ್ರಾಣ ಕಳೆದುಕೊಂಡರು. ಬಹುಪಾಲು ಕಾರ್ಮಿಕರನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ. ಹೊರಗೋಡುವ ಕ್ಷಣದಲ್ಲಿ ಏಳಲೊಲ್ಲದ ಷಟರು ಬಾಗಿಲಲ್ಲ, ಗೋಡೆ. ಇಂಥ ಘಟಕಗಳಿಗೆ ಒಳಗಿನಿಂದ ತಳ್ಳಿದರೆ ತೆರೆಯುವ ಎರಡನೆಯ ಬಾಗಿಲು ಇರಲೇಬೇಕು. ಕೆಲಸದ ಹೊತ್ತಿನಲ್ಲಿ ಷಟರು ಪೂರ್ತಿ ಮೇಲಿರಬೇಕು.

ವಾಣಿಜ್ಯ ಸಂಸ್ಥೆಗಳು ಮಾಡಬಹುದಾದದ್ದು

ಷಟರಿನ ದುರಸ್ತಿ ಇಂದು ವೆಲ್ಡಿಂಗ್ ಅಂಗಡಿಯ ಉಪಕಸುಬು. ಗುರುವಿನ ಕೈಕೆಳಗೆ ನೋಡಿ ಕಲಿತದ್ದೇ ವಿದ್ಯೆ, ಗಾಯವೇ ಪಾಠ. ತಾಲೂಕಿಗೆ ನಾಲ್ಕಾರು ಮಂದಿ ನುರಿತ ದುರಸ್ತಿಗಾರರಿದ್ದರೂ ಅವರು ಯಾರೆಂಬುದು ಎಲ್ಲ ವರ್ತಕರಿಗೆ ತಿಳಿದಿರುವುದಿಲ್ಲ. ವಾಣಿಜ್ಯ ಸಂಸ್ಥೆಗಳು ಇಲ್ಲಿ ಮೂರು ಹೆಜ್ಜೆ ಇಡಬಹುದು. ಮೊದಲನೆಯದಾಗಿ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ದುರಸ್ತಿಗಾರರನ್ನೂ ಹೊಸದಾಗಿ ಕಲಿಯಬಯಸುವ ಯುವಕರನ್ನೂ ಸೇರಿಸಿ, ಕೈಗಾರಿಕಾ ತರಬೇತಿ ಸಂಸ್ಥೆಗಳ ನೆರವಿನಿಂದ ಎರಡು ಮೂರು ದಿನಗಳ ತರಬೇತಿ ಏರ್ಪಡಿಸಿ, ತರಬೇತಿ ಪಡೆದವರ ಪಟ್ಟಿಯನ್ನು ಸದಸ್ಯರಿಗೆ ಒದಗಿಸಬಹುದು. ಎರಡನೆಯದಾಗಿ, ಒಂದು ಬೀದಿಯ ಅಂಗಡಿಗಳೆಲ್ಲ ಒಟ್ಟಾಗಿ ವರ್ಷಕ್ಕೊಮ್ಮೆ, ಬೇಸಿಗೆ ಮುಗಿದು ಮಳೆ ಹಿಡಿಯುವ ಮೊದಲು, ಒಬ್ಬನೇ ದುರಸ್ತಿಗಾರನಿಂದ ತಪಾಸಣೆ ಮಾಡಿಸುವ ಸಾಮೂಹಿಕ ಕರಾರಿಗೆ ಪ್ರೋತ್ಸಾಹ ನೀಡಬಹುದು. ಒಬ್ಬೊಬ್ಬರಿಗೆ ಹೊರೆಯಾಗುವ ಕೂಲಿ ಇಪ್ಪತ್ತು ಅಂಗಡಿಗಳಿಗೆ ಹಂಚಿದಾಗ ಹಗುರವಾಗುತ್ತದೆ. ದುರಸ್ತಿಗಾರನಿಗೂ ಖಚಿತ ದುಡಿಮೆ ದೊರೆಯುತ್ತದೆ. ಮೂರನೆಯದಾಗಿ, ತಯಾರಕ ಸದಸ್ಯರು ಮೇಲೆ ಹೇಳಿದ ಚೀಟಿಯನ್ನು ಸ್ವಯಂಪ್ರೇರಣೆಯಿಂದ ಅಳವಡಿಸಿಕೊಳ್ಳುವಂತೆ ನಿರ್ಣಯ ಕೈಗೊಳ್ಳಬಹುದು. ಇದಾವುದಕ್ಕೂ ಸರ್ಕಾರದ ಆದೇಶಕ್ಕಾಗಲಿ ಅನುದಾನಕ್ಕಾಗಲಿ ಕಾಯಬೇಕಾಗಿಲ್ಲ.

ಆಯುಧಪೂಜೆಯ ದಿನ ತಕ್ಕಡಿ, ಹೊಲಿಗೆಯಂತ್ರ, ಲಾರಿ, ಗಿರಣಿ ಎಲ್ಲಕ್ಕೂ ಕುಂಕುಮವಿಟ್ಟು ಹೂ ಮುಡಿಸುವ ಸಂಪ್ರದಾಯ ಈ ಭಾಗದ ವರ್ತಕರಲ್ಲಿದೆ. ಆ ದಿನ ಷಟರಿಗೂ ಒಂದು ಮಾಲೆ ಬೀಳುತ್ತದೆ. ಮಾಲೆ ಹಾಕುವ ಮೊದಲು ಒಂದು ನಿಮಿಷ ಅದನ್ನು ಸೊಂಟದೆತ್ತರಕ್ಕೆ ನಿಲ್ಲಿಸಿ ನೋಡಿದರೆ, ಅದು ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿಯುತ್ತದೆ. ಬಿದ್ದರೆ, ನಾಳೆ ಬೆಳಿಗ್ಗೆ ಅದನ್ನು ಎತ್ತಲು ಬರುವವನನ್ನು ನೆನೆದು, ಆ ದಿನವೇ ನುರಿತವನನ್ನು ಕರೆಸಬೇಕು.